ಜಲಮಾರ್ಗದ ಸರಕು ಸಾಗಣೆ ಮತ್ತು ನದಿಯ ಆರೋಗ್ಯ

ನೆಲದ ಮೇಲೆ ಎಳೆಯಲಾಗದ ಭಾರವನ್ನು ನೀರಿನ ಮೇಲೆ ತೇಲಿಸಿ ಒಯ್ಯಬಹುದೆಂಬುದು ಮನುಷ್ಯನು ಬಹು ಪುರಾತನ ಕಾಲದಲ್ಲಿಯೇ ಕಂಡುಕೊಂಡ ಸತ್ಯ. ರೈಲು, ಲಾರಿಗಳು ಬಂದ ಮೇಲೆ ಅನೇಕ ದೇಶಗಳಲ್ಲಿ ನದಿಯ ವ್ಯಾಪಾರವು ಹಿಂದೆ ಸರಿಯಿತಾದರೂ, ಇಂಧನದ ಅಭಾವ ಮತ್ತು ವಾಯುಮಾಲಿನ್ಯಗಳ ಚಿಂತೆ ಬೆಳೆದಂತೆಲ್ಲ ವಿದ್ವಾಂಸರ ದೃಷ್ಟಿ ಮತ್ತೆ ಜಲಮಾರ್ಗದತ್ತ ತಿರುಗಿದೆ. ನೀರಿನ ಮೇಲಿನ ಸಾಗಣೆ ಮಿತವ್ಯಯದ್ದು, ಆದುದರಿಂದ ಪರಿಸರಕ್ಕೆ ಹಿತವಾದದ್ದು ಎಂಬ ಮಾತನ್ನು ನಾವು ಆಗಾಗ್ಗೆ ಓದುತ್ತೇವೆ. ಈ ಮಾತಿನಲ್ಲಿ ನಿಜಾಂಶವುಂಟು. ಆದರೆ ರಸ್ತೆಯು ಜಡವಸ್ತು, ನದಿಯಾದರೋ ಜೀವಿಗಳ ಆವಾಸ. ರಸ್ತೆಯ ಲೆಕ್ಕವನ್ನು ನದಿಗೆ ಹಾಗೆಯೇ ಅನ್ವಯಿಸಲಾಗದು. ಈ ವಿಷಯವನ್ನು ವಿವರವಾಗಿ ಅರಿಯಲು ಅಮೆರಿಕದ ಮಿಸಿಸಿಪಿ ನದಿಗಿಂತ ತಕ್ಕ ನಿದರ್ಶನ ಬೇರೊಂದಿಲ್ಲ.

ಮೊದಲು ಅಲ್ಲಿನ ದೋಣಿಗಳ ಪರಿಚಯ ಮಾಡಿಕೊಳ್ಳೋಣ. ಬಾರ್ಜ್ ಎಂಬುದು ಚಪ್ಪಟೆ ತಳದ ಉಕ್ಕಿನ ಪೆಟ್ಟಿಗೆ. ಸಾಮಾನ್ಯವಾಗಿ 195 ಅಡಿ ಉದ್ದ, 35 ಅಡಿ ಅಗಲ. ಒಂದರಲ್ಲಿ ಸುಮಾರು 1,500 ಟನ್ ಜೋಳವನ್ನೋ ಸೋಯಾ ಅವರೆಯನ್ನೋ ಕಲ್ಲಿದ್ದಲನ್ನೋ ತುಂಬುತ್ತಾರೆ. ಪಣಜಿಯ ಹೊಳೆಯಲ್ಲಿ ಕಬ್ಬಿಣದ ಅದಿರನ್ನು ಸಾಗಿಸುವ ಬಾರ್ಜುಗಳನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅವುಗಳಿಗೆ ಸ್ವಂತ ಇಂಜಿನ್ ಉಂಟು. ಮಿಸಿಸಿಪಿಯ ಬಾರ್ಜುಗಳಿಗೆ ಅದಿಲ್ಲ. ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ಬಾರ್ಜುಗಳನ್ನು ಉಕ್ಕಿನ ಹಗ್ಗದಿಂದ ಬಿಗಿದು ಒಂದೇ ತೆಪ್ಪವನ್ನಾಗಿ ಮಾಡಿ, ಹಿಂದಿನಿಂದ ಟೋಬೋಟ್ ಎಂಬ ಬಲಶಾಲಿಯಾದ ದೋಣಿಯು ಅದನ್ನು ದೂಡುತ್ತದೆ. ಹೆಸರಿನ ಅರ್ಥ ಎಳೆಯುವ ದೋಣಿ ಎಂದು. ಮಾಡುವ ಕೆಲಸ ದೂಡುವುದು! ಸೇಂಟ್ ಲೂಯಿಸ್ ನಗರದಿಂದ ಕೆಳಕ್ಕೆ ಅಣೆಕಟ್ಟುಗಳಿಲ್ಲವಾದ್ದರಿಂದ ಅಲ್ಲಿ ಮೂವತ್ತಕ್ಕೂ ಮಿಕ್ಕ ಬಾರ್ಜುಗಳನ್ನು ಒಟ್ಟಿಗೆ ದೂಡುವುದುಂಟು.

ಇಂಧನದ ಲೆಕ್ಕ ಹೀಗಿದೆ. ಟೆಕ್ಸಾಸ್ ವಿಶ್ವವಿದ್ಯಾಲಯವೊಂದರ ಸಾರಿಗೆ ಸಂಶೋಧನ ಸಂಸ್ಥೆಯು 2014ರವರೆಗಿನ ಅಂಕಿಗಳನ್ನಾಧರಿಸಿ ಮಾಡಿದ ಗಣನೆಯ ಪ್ರಕಾರ, ಒಂದು ಗ್ಯಾಲನ್ ಇಂಧನದಿಂದ ಒಂದು ಟನ್ ಸರಕನ್ನು ಲಾರಿಯು 145 ಮೈಲಿ, ರೈಲು 477 ಮೈಲಿ, ಬಾರ್ಜು 647 ಮೈಲಿ ಒಯ್ಯುತ್ತದೆ. ಜಲಸಾರಿಗೆಯವರು ಈ ಅಂಕಿಗಳನ್ನು ಅಭಿಮಾನದಿಂದ ಉದ್ಧರಿಸುತ್ತಾರೆ. ಅಧ್ಯಯನಕ್ಕೆ ಹಣವೊದಗಿಸಿದ್ದು ಜಲಸಾರಿಗೆಯ ಹಿತಾಸಕ್ತಿಯುಳ್ಳ ಪ್ರತಿಷ್ಠಾನವೆಂಬುದನ್ನು ಮಾತ್ರ ಓದುಗರು ನೆನಪಿನಲ್ಲಿಡತಕ್ಕದ್ದು. ಅಂಕಿಗಳು ಸುಳ್ಳೆಂದು ಇದರರ್ಥವಲ್ಲ. ಆದರೆ ನದಿಯು ನೇರವಾಗಿ ಹರಿಯುವುದಿಲ್ಲ. ಸೇಂಟ್ ಲೂಯಿಸಿನಿಂದ ನ್ಯೂ ಆರ್ಲಿಯನ್ಸಿಗೆ ರಸ್ತೆಯಲ್ಲಿ ಸುಮಾರು 680 ಮೈಲಿಯಾದರೆ, ಅಂಕುಡೊಂಕಾದ ನದಿಯಲ್ಲಿ 1,040 ಮೈಲಿ. ಈ ಬಳಸುದಾರಿಯನ್ನು ಲೆಕ್ಕಕ್ಕೆ ಹಿಡಿದರೆ ಬಾರ್ಜಿನ 647 ಎಂಬುದು ಸುಮಾರು 420ಕ್ಕೆ ಇಳಿಯುತ್ತದೆ. ಲಾರಿಗಿಂತ ಆಗಲೂ ಹೆಚ್ಚುಕಡಿಮೆ ಮೂರು ಪಟ್ಟು ಮೇಲು. ರೈಲಿನೊಡನೆ ಮಾತ್ರ ಸರಿಸಮಾನ, ಅಥವಾ ತುಸು ಹಿಂದೆ. ಆದುದರಿಂದ ಬಾರ್ಜು ತಾನಾಗಿಯೇ ನಿರ್ಮಲವೆಂದು ಸುಮ್ಮನಿರುವಂತಿಲ್ಲ.

ಈಗ ನದಿಯ ಕಡೆ ನೋಡೋಣ. ಮೇಲಣ ಮಿಸಿಸಿಪಿಯು ಸಹಜವಾಗಿ ಆಳವಿಲ್ಲದ, ನೂರಾರು ಮರಳುದಿಣ್ಣೆಗಳ ಹೊಳೆ. 1878ರಲ್ಲಿ ನಾಲ್ಕೂವರೆ ಅಡಿ, 1907ರಲ್ಲಿ ಆರು ಅಡಿ, ಕೊನೆಗೆ 1930ರ ಶಾಸನದಿಂದ ಒಂಬತ್ತು ಅಡಿ ಆಳದ ಕಾಲುವೆಯನ್ನು ಕಾಯ್ದುಕೊಂಡು ಬರುವ ಹೊಣೆಯನ್ನು ಅಮೆರಿಕದ ಸೈನ್ಯದ ಇಂಜಿನಿಯರುಗಳ ದಳಕ್ಕೆ ವಹಿಸಲಾಯಿತು. ಅಣೆಕಟ್ಟುಗಳನ್ನೂ, ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್ ಎಂಬ ನೀರುಕೋಣೆಗಳನ್ನೂ ಕಟ್ಟಿ, ಹರಿಯುವ ನದಿಯನ್ನು ಮೆಟ್ಟಿಲು ಮೆಟ್ಟಿಲಾದ ಕೊಳಗಳನ್ನಾಗಿ ಮಾಡಿದರು. ಬೇಸಗೆಯಲ್ಲಿ ನೀರಿಳಿದು ಕೆಸರು ಒಣಗಿ, ಅದರ ಮೇಲೆ ಹುಲ್ಲುಜೊಂಡು ಚಿಗುರುತ್ತಿದ್ದ ಋತುಚಕ್ರ ನಿಂತಿತು. ಗಾಳಿಯಲೆಯ ಹೊಡೆತಕ್ಕೆ ಕೊಳಗಳ ನಡುವಣ ದ್ವೀಪಗಳು ಕರಗಿದವು. ದೋಣಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಈ ಹಾನಿ ಕಾಣುವುದಿಲ್ಲ. ಆದರೆ ಎರಡರಲ್ಲಿ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ.

ದೋಣಿಯ ಚಲನೆಯಿಂದಲೇ ಆಗುವ ತೊಂದರೆಗಳು ಬೇರೆ. ಸಾವಿರ ಅಡಿಗೂ ಉದ್ದವಾದ ತೆಪ್ಪ ಹಾದುಹೋಗುವಾಗ ದಡದ ನೀರು ಕ್ಷಣಕಾಲ ಹಿಂದೆ ಸರಿದು ಮತ್ತೆ ಅಪ್ಪಳಿಸುತ್ತದೆ. ಪ್ರೊಪೆಲರಿನ ರಭಸಕ್ಕೆ ತಳದ ಹೂಳು ಎದ್ದು ನೀರು ಕದಡುತ್ತದೆ. ಕದಡಿದ ನೀರಿನಲ್ಲಿ ಬಿಸಿಲು ಕೆಳಗಿಳಿಯದೆ ಮುಳುಗುಸಸ್ಯಗಳು ಸೊರಗುತ್ತವೆ, ಅವುಗಳ ಗೆಡ್ಡೆಯನ್ನು ತಿಂದು ವಲಸೆ ಮುಂದುವರಿಸುವ ಬಾತುಗಳಿಗೆ ಆಹಾರ ಕಡಿಮೆಯಾಗುತ್ತದೆ. ಎಳೆಯ ಮೀನುಗಳು ಪ್ರೊಪೆಲರಿನ ಸುಳಿಗೆ ಸಿಕ್ಕಿ ಸಾಯುತ್ತವೆ. ತಳದಲ್ಲಿ ವಾಸಿಸುತ್ತ ನೀರನ್ನು ಸೋಸಿ ಬದುಕುವ ಕಪ್ಪೆಚಿಪ್ಪಿನ ಜೀವಿಗಳ ಮೇಲೆ ಹೂಳು ಕುಳಿತುಕೊಳ್ಳುತ್ತದೆ. ಇವುಗಳಿಗೆ ಇನ್ನೊಂದು ಆಪತ್ತು ದೋಣಿಗಳ ಮೂಲಕವೇ ಬಂದಿತು. 1988ರಲ್ಲಿ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ ಕಾಣಿಸಿಕೊಂಡ ಜೀಬ್ರಾ ಕಪ್ಪೆಚಿಪ್ಪು ಎಂಬ ಪರದೇಶಿ ಜೀವಿಯು ಬಾರ್ಜುಗಳ ತಳಕ್ಕೆ ಅಂಟಿಕೊಂಡು ಕೆಲವೇ ವರ್ಷಗಳಲ್ಲಿ ಮಿಸಿಸಿಪಿಯುದ್ದಕ್ಕೂ ಹರಡಿ, ದೇಶೀಯ ಚಿಪ್ಪುಗಳ ಮೇಲೆಯೇ ಗುಂಪುಗುಂಪಾಗಿ ಬೆಳೆದು ಅವುಗಳನ್ನು ಉಸಿರುಗಟ್ಟಿಸಿತು.

ಇಷ್ಟು ಹೇಳಿದ ಮೇಲೆ ಪರಿಹಾರಗಳತ್ತ ಬರಬಹುದು. ಟೋಬೋಟಿನ ಇಂಜಿನ್ನುಗಳು ದೀರ್ಘಾಯುಷಿಗಳು. ಬಿಚ್ಚಿ ದುರಸ್ತಿ ಮಾಡುತ್ತ ನಾಲ್ಕೈದು ದಶಕ ದುಡಿಸುವುದು ವಾಡಿಕೆ. ಹೀಗಾಗಿ ಹೊಸ ಇಂಜಿನ್ನಿಗೆ ಎಷ್ಟೇ ಕಟ್ಟುನಿಟ್ಟಿನ ನಿಯಮ ವಿಧಿಸಿದರೂ ಅದರ ಫಲ ನದಿಗೆ ತಲುಪಲು ಒಂದು ತಲೆಮಾರು ಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು 2008ರಲ್ಲಿ ಹೊರಡಿಸಿದ ನಿಯಮಾವಳಿ ಈ ತೊಡಕನ್ನು ಅರಿತೇ ರಚಿತವಾದದ್ದು. ದೊಡ್ಡ ಹೊಸ ಇಂಜಿನ್ನುಗಳು ಮಸಿಯ ಕಣಗಳನ್ನು ಶೇಕಡ 90ರಷ್ಟೂ ನೈಟ್ರೋಜನ್ ಆಕ್ಸೈಡುಗಳನ್ನು ಶೇಕಡ 80ರಷ್ಟೂ ತಗ್ಗಿಸಬೇಕೆಂದು ಅದು ವಿಧಿಸಿತು. ಜೊತೆಗೆ 1973ರಿಂದೀಚೆಗೆ ತಯಾರಾದ ದೊಡ್ಡ ಹಳೆಯ ಇಂಜಿನ್ನುಗಳನ್ನು ಪುನರ್ನಿರ್ಮಿಸುವಾಗ, ಅಂಗೀಕೃತ ಬಿಡಿಭಾಗಗಳು ದೊರೆಯುವುದಾದರೆ, ಅವುಗಳನ್ನೇ ಬಳಸಬೇಕೆಂದಿತು. 2012ರಿಂದ ಇಂಧನದಲ್ಲಿನ ಗಂಧಕವನ್ನು ಹತ್ತು ಲಕ್ಷದಲ್ಲಿ 15 ಭಾಗಕ್ಕೆ ಮಿತಗೊಳಿಸಲಾಯಿತು. ನೈಟ್ರೋಜನ್ ಆಕ್ಸೈಡನ್ನು ನಿವಾರಿಸಲು ಹೊಗೆಯೊಳಕ್ಕೆ ಯೂರಿಯಾ ದ್ರಾವಣವನ್ನು ಸಿಂಪಡಿಸುತ್ತಾರೆ. ನಮ್ಮ ರೈತರು ಗದ್ದೆಗೆ ಹಾಕುವ ಯೂರಿಯಾವೇ ಇದು! ಶಾಖದ ಸಾನ್ನಿಧ್ಯದಲ್ಲಿ ಅದರಿಂದ ಹೊರಟ ಅಮೋನಿಯವು ವಿಷಾನಿಲವನ್ನು ನಿರಪಾಯಕಾರಿಯಾದ ನೈಟ್ರೋಜನ್ ಮತ್ತು ನೀರಾವಿಯನ್ನಾಗಿ ಮಾರ್ಪಡಿಸುತ್ತದೆ. ಚಿಕ್ಕ ಟೋಬೋಟಿನ ಇಕ್ಕಟ್ಟಾದ ಇಂಜಿನ್ ಕೋಣೆಯಲ್ಲಿ ಈ ಸಲಕರಣೆಗೆ ಸ್ಥಳ ಹುಡುಕುವುದೇ ಕಷ್ಟವೆಂದು ದೋಣಿ ಕಟ್ಟುವವರು ಹೇಳುತ್ತಾರೆ. ಅದು ನೆಪವಲ್ಲ, ವಾಸ್ತವ.

ಹೊಗೆಯನ್ನು ಶುದ್ಧಿಗೊಳಿಸುವುದಕ್ಕಿಂತ ಇಂಧನವನ್ನೇ ಉಳಿಸುವುದು ಮೇಲಲ್ಲವೇ? ನೀರಿನಲ್ಲಿ ವೇಗಕ್ಕೆ ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ನಿಂತ ನೀರಿನಲ್ಲಿ ವೇಗವನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ, ಪ್ರಯಾಣದ ಹೊತ್ತು ಹೆಚ್ಚಿದರೂ, ಒಟ್ಟು ಇಂಧನದಲ್ಲಿ ಸುಮಾರು ಶೇಕಡ 19ರಷ್ಟು ಉಳಿತಾಯವುಂಟು. ನದಿಯಲ್ಲಿ ಈ ಲೆಕ್ಕ ಬದಲಾಗುತ್ತದೆ. ಗಂಟೆಗೆ ನಾಲ್ಕು ಮೈಲಿಯ ಪ್ರವಾಹಕ್ಕೆ ಎದುರಾಗಿ ಎಂಟು ಮೈಲಿಯ ವೇಗದಲ್ಲಿ ದೂಡುವ ದೋಣಿಯು ದಡದ ಲೆಕ್ಕದಲ್ಲಿ ಮುಂದುವರಿಯುವುದು ನಾಲ್ಕೇ ಮೈಲಿ. ಅದು ತನ್ನ ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಮುನ್ನಡೆಯು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಉಳಿತಾಯ ಶೇಕಡ 9ಕ್ಕೆ ಇಳಿಯುತ್ತದೆ. ಪ್ರವಾಹದ ಎದುರು, ಪ್ರವಾಹದ ಜೊತೆ, ಆಳವಿರುವಲ್ಲಿ, ಆಳವಿಲ್ಲದಲ್ಲಿ ಎಂದು ಒಂದೊಂದು ಹರವಿಗೂ ಒಂದೊಂದು ವೇಗವನ್ನು ಆರಿಸಬಲ್ಲ ಅನುಭವಿ ಚಾಲಕನು ಯಾವ ಹೊಸ ಯಂತ್ರಕ್ಕೂ ಕಡಿಮೆಯವನಲ್ಲ. ಪ್ರೊಪೆಲರಿನ ಸುತ್ತ ಕೊಳವೆಯಾಕಾರದ ಉಕ್ಕಿನ ಕವಚವಿಟ್ಟು ಕಡಿಮೆ ವೇಗದಲ್ಲಿ ಹೆಚ್ಚು ನೂಕುಬಲ ಪಡೆಯುವ ಉಪಾಯವನ್ನು ಲುಡ್ವಿಗ್ ಕಾರ್ಟ್ ಎಂಬ ಜರ್ಮನ್ ಇಂಜಿನಿಯರು 1930ರ ದಶಕದಲ್ಲಿಯೇ ರೂಪಿಸಿದ್ದರು. ಇಳಿಜಾರು ಮೂತಿಯ ಬಾರ್ಜುಗಳನ್ನು ಮುಂದಿಟ್ಟು, ಚೌಕ ತುದಿಯವುಗಳನ್ನು ನಡುವೆ ಒತ್ತಾಗಿ ಜೋಡಿಸಿ, ಸಂದುಗಳಲ್ಲಿ ಸುಳಿಯೇಳದಂತೆ ಮಾಡುವುದಕ್ಕಂತೂ ಹೊಸ ಯಂತ್ರವೇ ಬೇಡ.

ಇಂಧನ ವ್ಯರ್ಥವಾಗುವ ಇನ್ನೊಂದು ಸ್ಥಳ ಲಾಕು. ಮೇಲಣ ಮಿಸಿಸಿಪಿಯ ಬಹುತೇಕ ಲಾಕುಗಳ ಉದ್ದ 600 ಅಡಿ. ಹದಿನೈದು ಬಾರ್ಜುಗಳ ತೆಪ್ಪವನ್ನು ಎರಡು ತುಂಡು ಮಾಡಿ, ಒಂದಾದ ಮೇಲೊಂದನ್ನು ದಾಟಿಸಿ, ಮತ್ತೆ ಬಿಗಿಯಬೇಕು. ಇದಕ್ಕೆ ಒಂದೂವರೆ ಗಂಟೆಗೂ ಮೇಲ್ಪಟ್ಟ ಹೊತ್ತು ಹಿಡಿಯುತ್ತದೆ. ಹಿಂದೆ ಕಾಯುವ ದೋಣಿಗಳು ಇಂಜಿನ್ ಆರಿಸದೆ, ಮೂತಿಯನ್ನು ದಡದ ಮಣ್ಣಿಗೊತ್ತಿ ನಿಲ್ಲುತ್ತವೆ. ದಡದ ಮರಗಳೂ ತಳದ ಕಪ್ಪೆಚಿಪ್ಪುಗಳೂ ಒಟ್ಟಿಗೆ ಹಾಳಾಗುತ್ತವೆ. 2007ರ ಶಾಸನವು 1,200 ಅಡಿಯ ಏಳು ಹೊಸ ಲಾಕುಗಳಿಗೂ, ಅದರೊಂದಿಗೇ ನದಿಯ ಪುನರುಜ್ಜೀವನ ಕಾರ್ಯಗಳಿಗೂ ಅನುಮತಿಯಿತ್ತಿತು. ಇವುಗಳಲ್ಲಿ 25ನೆಯ ಲಾಕಿಗೆ 2022ರಲ್ಲಿ ಹಣ ಮಂಜೂರಾಯಿತು. ಆದರೆ ದೊಡ್ಡ ಲಾಕುಗಳ ಆವಶ್ಯಕತೆಯನ್ನು ಸಮರ್ಥಿಸಲು ಅಂಕಿಗಳನ್ನು ತಿರುಚಲಾಗಿದೆಯೆಂದು ಇಂಜಿನಿಯರುಗಳ ದಳದ ಅರ್ಥಶಾಸ್ತ್ರಜ್ಞರೊಬ್ಬರೇ 2000ದಲ್ಲಿ ಬಹಿರಂಗಪಡಿಸಿದ್ದನ್ನೂ ಮರೆಯಲಾಗದು. ದೋಣಿಗಳಿಗೆ ಸರದಿಯ ವೇಳೆಯನ್ನು ಮುಂಚಿತವಾಗಿ ಗೊತ್ತುಪಡಿಸುವುದು, ಕಟ್ಟಿ ನಿಲ್ಲಲು ನೀರಿನಲ್ಲಿಯೇ ಗಟ್ಟಿ ಕಂಬಗಳನ್ನು ನಿರ್ಮಿಸುವುದು, ತುಂಡು ಮಾಡಿದ ತೆಪ್ಪವನ್ನು ಎಳೆಯಲು ಸಹಾಯಕ ದೋಣಿಯೊಂದನ್ನು ಲಾಕಿನ ಬಳಿ ಇರಿಸುವುದು, ಇವು ಕಡಿಮೆ ಖರ್ಚಿನ ಉಪಾಯಗಳು. ಇವುಗಳನ್ನು ಮೊದಲು ಪೂರ್ಣವಾಗಿ ಕೈಗೊಂಡು ಅನಂತರ ಕಾಂಕ್ರೀಟಿನ ಮಾತನ್ನಾಡುವುದು ಉಚಿತವೆಂದು ತೋರುತ್ತದೆ.

ಹೂಳಿನ ಕಥೆ ಸ್ವಲ್ಪ ಸಮಾಧಾನಕರವಾದದ್ದು. ಒಂಬತ್ತು ಅಡಿ ಆಳವನ್ನು ಉಳಿಸಿಕೊಳ್ಳಲು ಪ್ರತಿವರ್ಷವೂ ಮರಳನ್ನು ತೆಗೆಯಲೇಬೇಕು. ಹಿಂದೆ ಅದನ್ನು ಪಕ್ಕದ ಹಿನ್ನೀರಿಗೇ ಸುರಿಯುತ್ತಿದ್ದರು. ಮೀನು ಮೊಟ್ಟೆಯಿಡುವ ತಾಣಗಳು ಮುಚ್ಚಿಹೋಗುತ್ತಿದ್ದವು. 1973ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಇಂಜಿನಿಯರುಗಳ ದಳದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ ತರುವಾಯ ರಾಜ್ಯಗಳೂ ದಳವೂ ಕೂಡಿ ಅಧ್ಯಯನ ನಡೆಸುವಂತಾಯಿತು. 1986ರಲ್ಲಿ ನದಿಯ ಪುನರುಜ್ಜೀವನಕ್ಕೆಂದೇ ಒಂದು ಯೋಜನೆ ಶಾಸನಬದ್ಧವಾಯಿತು. ಇಂದು ಅದೇ ಮರಳಿನಿಂದ ಕರಗಿಹೋದ ದ್ವೀಪಗಳನ್ನು ಮರಳಿ ಕಟ್ಟುತ್ತಿದ್ದಾರೆ. 2001 ಮತ್ತು 2002ರ ಬೇಸಗೆಯಲ್ಲಿ 8ನೆಯ ಕೊಳದ ನೀರನ್ನು ಒಂದೂವರೆ ಅಡಿ ಇಳಿಸಿ ಕೆಸರಿಗೆ ಬಿಸಿಲು ತೋರಿಸಿದಾಗ, ಎಷ್ಟೋ ಕಾಲದಿಂದ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಮೊಳೆತು ಸಾವಿರಾರು ಎಕರೆಯಲ್ಲಿ ಜೊಂಡು ಎದ್ದಿತು. ದೋಣಿ ಸಂಚಾರವನ್ನು ಇದಕ್ಕಾಗಿ ನಿಲ್ಲಿಸಬೇಕಾಗಲಿಲ್ಲ.

ಅಪಘಾತದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2008ರ ಜುಲೈ 23ರಂದು ನ್ಯೂ ಆರ್ಲಿಯನ್ಸಿನ ಬಳಿ ಟೋಬೋಟೊಂದು ದೂಡುತ್ತಿದ್ದ ಬಾರ್ಜು ದೊಡ್ಡ ಹಡಗಿಗೆ ಡಿಕ್ಕಿಯಾಗಿ ಸುಮಾರು 2,80,000 ಗ್ಯಾಲನ್ ಇಂಧನ ತೈಲವು ನದಿಗೆ ಚೆಲ್ಲಿತು. ಟೋಬೋಟನ್ನು ನಡೆಸುತ್ತಿದ್ದವನ ಬಳಿ ಇದ್ದದ್ದು ಅಭ್ಯರ್ಥಿಯ ಪರವಾನಗಿ ಮಾತ್ರ. ತೈಲ ಒಯ್ಯುವ ಬಾರ್ಜುಗಳಿಗೆ ಎರಡು ಪದರದ ಒಡಲು ಇರಬೇಕೆಂಬ 1990ರ ಶಾಸನವು 2015ರ ಹೊತ್ತಿಗೆ ಪೂರ್ಣವಾಗಿ ಜಾರಿಗೆ ಬಂದಿತು. ಟೋಬೋಟುಗಳನ್ನೇ ಕಡ್ಡಾಯವಾಗಿ ತಪಾಸಣೆಗೊಳಪಡಿಸುವ ನಿಯಮವು ಬಂದದ್ದು 2016ರಲ್ಲಿ. ಅಷ್ಟು ತಡವಾದದ್ದೇಕೆಂಬುದು ಆಶ್ಚರ್ಯದ ಸಂಗತಿ.

ವಿದ್ಯುತ್ತಿನಿಂದ ನಡೆಯುವ ದೋಣಿಗಳ ಪ್ರಯೋಗವೂ ಆರಂಭವಾಗಿದೆ. ಬರ್ಲಿನ್ನಿನಲ್ಲಿ 2022ರಲ್ಲಿ ನೀರಿಗಿಳಿದ ಎಲೆಕ್ಟ್ರಾ ಎಂಬ ದೂಡುದೋಣಿಯು ಬ್ಯಾಟರಿ ಮತ್ತು ಜಲಜನಕಗಳಿಂದ ನಡೆಯುತ್ತದೆ. ಹಗಲಿರುಳು ಪ್ರವಾಹದ ವಿರುದ್ಧ ವಾರಗಟ್ಟಲೆ ದುಡಿಯುವ ಮಿಸಿಸಿಪಿಯ ಟೋಬೋಟಿಗೆ ಇದು ಸದ್ಯಕ್ಕೆ ದೂರದ ಮಾತು. ಬಂದರಿನೊಳಗೆ ಓಡಾಡುವ ಚಿಕ್ಕ ದೋಣಿಗಳಿಗಾದರೆ ಹತ್ತಿರದ್ದು. ಈ ನಡುವೆ ನದಿಯೇ ಹೊಸ ಕಷ್ಟವನ್ನು ತಂದಿದೆ. 2022ರ ಮತ್ತು 2023ರ ಅಕ್ಟೋಬರಿನಲ್ಲಿ ಮೆಂಫಿಸ್ ನಗರದ ಬಳಿ ನೀರಿನ ಮಟ್ಟವು ಹಿಂದೆಂದೂ ಕಾಣದಷ್ಟು ಕೆಳಗಿಳಿಯಿತು. ನೀರು ಒಂದು ಅಡಿ ಕಡಿಮೆಯಾದರೆ ಪ್ರತಿ ಬಾರ್ಜಿನಲ್ಲೂ ಇನ್ನೂರು ಟನ್ನಿಗಿಂತ ಹೆಚ್ಚು ಸರಕನ್ನು ಬಿಡಬೇಕಾಗುತ್ತದೆ. ಅದೇ ಸರಕಿಗೆ ಆಗ ಹೆಚ್ಚು ಯಾತ್ರೆ, ಹೆಚ್ಚು ಇಂಧನ, ಹೆಚ್ಚು ಹೂಳೆತ್ತುವಿಕೆ; ಮೇಲೆ ಹೇಳಿದ ಮಿತವ್ಯಯದ ಲೆಕ್ಕವೆಲ್ಲ ಏರುಪೇರಾಗುತ್ತದೆ.

ನಮ್ಮ ದೇಶದಲ್ಲಿಯೂ 2016ರ ಶಾಸನವು 111 ರಾಷ್ಟ್ರೀಯ ಜಲಮಾರ್ಗಗಳನ್ನು ಘೋಷಿಸಿದೆ. ಅವುಗಳಲ್ಲಿ ನಮ್ಮ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳೂ ಸೇರಿವೆ. ಈ ಅಳಿವೆಗಳ ಮರಳುತಳದಿಂದಲೇ ಕರಾವಳಿಯ ಹೆಂಗಸರು ಇಳಿತದ ಹೊತ್ತಿನಲ್ಲಿ ಚಿಪ್ಪುಗಳನ್ನು ಆರಿಸಿ ಜೀವನ ಸಾಗಿಸುತ್ತಾರೆ. ಬಾರ್ಜು ಸಂಚಾರಕ್ಕೆ ಇಲ್ಲಿ ಎಂದಾದರೂ ಹೂಳೆತ್ತುವುದಾದರೆ, ಚಿಪ್ಪಿನ ತಾಣಗಳು ಎಲ್ಲೆಲ್ಲಿವೆಯೆಂಬ ನಕ್ಷೆ ಮೊದಲು ಸಿದ್ಧವಾಗಬೇಕು. ಬಿಹಾರದ ಸುಲ್ತಾನಗಂಜಿನಿಂದ ಕಹಲಗಾಂವ್‌ವರೆಗಿನ ಗಂಗೆಯನ್ನು 1991ರಲ್ಲಿ ಡಾಲ್ಫಿನ್‌ಗಳ ಅಭಯಧಾಮವೆಂದು ಘೋಷಿಸಲಾಗಿತ್ತು. ಒಂದನೆಯ ರಾಷ್ಟ್ರೀಯ ಜಲಮಾರ್ಗವು ಅದರ ನಡುವೆಯೇ ಹಾದುಹೋಗುತ್ತದೆ. ಗಂಗೆಯ ಡಾಲ್ಫಿನ್ನಿಗೆ ದೃಷ್ಟಿ ಇಲ್ಲವೆಂದೇ ಹೇಳಬಹುದು. ತಾನು ಹೊರಡಿಸಿದ ಧ್ವನಿಯ ಪ್ರತಿಧ್ವನಿಯಿಂದಲೇ ಅದು ದಾರಿಯನ್ನೂ ಆಹಾರವನ್ನೂ ಕಂಡುಕೊಳ್ಳುತ್ತದೆ. ಪ್ರೊಪೆಲರಿನ ಸದ್ದು ಅದಕ್ಕೆ ಕಣ್ಣಿಗೆ ಕವಿದ ಹೊಗೆಯಿದ್ದಂತೆ. ಅಲ್ಲಿ ದೋಣಿಯ ವೇಗವನ್ನು ತಗ್ಗಿಸುವುದರಿಂದ ಇಂಧನವೂ ಉಳಿಯುತ್ತದೆ, ಸದ್ದೂ ಇಳಿಯುತ್ತದೆ.