ಫ್ಲ್ಯಾಟಿನಲ್ಲಿ ಮೃದಂಗ ಸಾಧನೆ: ಗೋಡೆಗಿಂತ ಮೊದಲು ನೆಲ ನೋಡಿ

ಮೃದಂಗದ ಸದ್ದು ಎರಡು ದಾರಿಯಲ್ಲಿ ನೆರೆಮನೆ ಸೇರುತ್ತದೆ. ಒಂದು ಗಾಳಿಯ ದಾರಿ: ಕಿಟಕಿ, ಬಾಗಿಲಿನ ಸಂದು. ಇನ್ನೊಂದು ಕಟ್ಟಡದ್ದೇ. ನೆಲದ ಮೇಲೆ ಕೂತು ನುಡಿಸುವಾಗ ವಾದ್ಯದ ಕಂಪನ ಕಾಲಿನ ಮೂಲಕ, ವಾದ್ಯ ನೆಲಕ್ಕೆ ತಾಗಿದ್ದರೆ ನೇರವಾಗಿಯೇ, ಕಾಂಕ್ರೀಟ್ ಸ್ಲ್ಯಾಬಿಗೆ ಇಳಿಯುತ್ತದೆ. ಆ ಸ್ಲ್ಯಾಬೇ ಕೆಳಗಿನ ಮನೆಯ ಚಾವಣಿ. ಎಷ್ಟೋ ಜನ ಗೋಡೆಗೆ ದುಡ್ಡು ಸುರಿದು ಈ ದಾರಿಯನ್ನು ಮರೆಯುತ್ತಾರೆ.

ಹಾಗಾಗಿ ಕೆಲಸ ನೆಲದಿಂದ ಶುರುವಾಗಲಿ. ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಜಮಖಾನ. ಹಲಗೆ ಯಾವ ಗೋಡೆಗೂ ತಾಗಬಾರದು. ತಾಗಿದರೆ ಕಂಪನ ಅಲ್ಲಿಂದ ದಾಟುತ್ತದೆ. ಬರೀ ಜಮಖಾನ ಸಾಲದು. ರವೆ ಹಚ್ಚಿದ ಎಡಮುಚ್ಚಿಗೆಯ ನಾದ ತಗ್ಗಿನದು, ತಗ್ಗಿನ ನಾದವನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ. ಬಲಗೈ ಪಾಠಗಳನ್ನಷ್ಟೇ ತಿದ್ದಿಕೊಳ್ಳುವ ದಿನ ರವೆ ಹಚ್ಚದೆ ಕೂರಬಹುದು.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ದಂಡ. ಫೋಮ್ ಕೂಡ ಕೋಣೆಯೊಳಗಿನ ಪ್ರತಿಧ್ವನಿಯನ್ನು ಕುಗ್ಗಿಸುತ್ತದೆಯೇ ಹೊರತು ಸದ್ದು ಹೊರಹೋಗುವುದನ್ನು ಹೆಚ್ಚೇನೂ ತಡೆಯದು. ತಡೆಯುವುದು ತೂಕ. ಪಕ್ಕದ ಮನೆಗೆ ಅಂಟಿದ ಗೋಡೆಗೆ ಬಟ್ಟೆ ತುಂಬಿದ ಬೀರು ಇಟ್ಟರೆ ಫೋಮಿಗಿಂತ ಪ್ರಯೋಜನ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಕಿಟಕಿ ಭದ್ರವಾಗಿ ಮುಚ್ಚಿ. ಬೆರಳಗಲದ ಸಂದು ಉಳಿದರೂ ಉಳಿದ ಶ್ರಮವೆಲ್ಲ ಸೋರಿಹೋಗುತ್ತದೆ.

ಉಳಿದ ವಾದ್ಯಗಳ ಕಥೆ ಬೇರೆ. ಪಿಟೀಲಿನ ಕುದುರೆಗೆ ರಬ್ಬರ್ ಮ್ಯೂಟ್ ಸಿಕ್ಕಿಸಿದರೆ ಸದ್ದು ಬಹಳ ಇಳಿಯುತ್ತದೆ. ಸ್ಯಾಕ್ಸೊಫೋನಿಗೆ ಆ ಉಪಾಯ ನಡೆಯದು, ಅದರ ನಾದ ತುದಿಯ ಬಾಯಿಂದ ಮಾತ್ರವಲ್ಲ, ತೆರೆದ ರಂಧ್ರಗಳಿಂದಲೂ ಹೊರಡುತ್ತದೆ.

ಮೃದಂಗದ ಮೇಲೆ ಬಟ್ಟೆ ಹೊದಿಸಿ ದಿನವೂ ಅಭ್ಯಾಸ ಮಾಡಬೇಡಿ ಎಂದೇ ಹೇಳುತ್ತೇನೆ. ಕೈಗೆ ನಾದದ ಉತ್ತರ ಸಿಗದಿದ್ದರೆ ಬೆರಳು ತಪ್ಪು ಪೆಟ್ಟಿಗೆ ಒಗ್ಗಿಕೊಳ್ಳುತ್ತದೆ. ಅದರ ಬದಲು ಸಾಧನೆಯನ್ನೇ ಎರಡಾಗಿ ಹಂಚಿಕೊಳ್ಳಿ. ಲೆಕ್ಕ, ನಡೆ, ಕೋರ್ವೆಗಳನ್ನು ಕೊನ್ನಕೋಲಿನಲ್ಲಿ ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಗಟ್ಟಿ ಮಾಡಿಕೊಳ್ಳಿ. ನಸುಕಿನಲ್ಲೂ ಇದು ಯಾರ ನಿದ್ದೆಯನ್ನೂ ಕೆಡಿಸದು. ವಾದ್ಯ ಕೈಗೆತ್ತಿಕೊಂಡ ಹೊತ್ತು ಮಾತ್ರ ಪೂರ್ತಿ ನಾದದಲ್ಲೇ ನುಡಿಸಿ.

ಆ ಹೊತ್ತು ಯಾವುದೆಂಬುದು ಮುಖ್ಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಆದರೆ ಕೆಳಗಿನ ಮನೆಯಲ್ಲಿ ಕೂಸು ಮಲಗುವ ವೇಳೆ ಯಾವ ನಿಯಮದಲ್ಲೂ ಬರೆದಿರುವುದಿಲ್ಲ. ದೂರು ಬರುವ ಮುಂಚೆಯೇ ಹೋಗಿ ಕೇಳಿ. ಸಾಧ್ಯವಾದರೆ ನಿಮ್ಮ ಮನೆಯವರೊಬ್ಬರು ಅಲ್ಲಿ ಕೂತಿರುವಾಗ ಇಲ್ಲಿ ನುಡಿಸಿ, ಯಾವ ಕೋಣೆಯಿಂದ ಸದ್ದು ಕಡಿಮೆ ಎಂದು ತಿಳಿದುಕೊಂಡು ಆ ಕೋಣೆಯಲ್ಲೇ ಹಲಗೆ ಹಾಕಿ.