ಕಳೆ ತೆಗೆಯೋಕೆ ಎಷ್ಟು ಹೊತ್ತು? ಮೊಬೈಲ್ ಪಟ್ಟಿಗೆ ಹಾಕೋ ಮುಂಚೆ ಒಂದು ಮಡಿ ಅಳೆದು ನೋಡಿ

ಯಲಹಂಕ, ರಾಜಾನುಕುಂಟೆ ಕಡೆ ಸೊಪ್ಪು, ತರಕಾರಿ ಬೆಳೆದು ಅಪಾರ್ಟ್‌ಮೆಂಟ್‌ಗಳಿಗೆ ಕೊಡುವವರು ಈಗ ವಾರದ ಕೆಲಸಗಳನ್ನು ಮೊಬೈಲ್‌ನಲ್ಲೇ ಬರೆದಿಡುತ್ತಾರೆ. ಒಳ್ಳೇದೇ. ಆದರೆ ತೊಂದರೆ ಇರೋದು ಕೆಲಸದ ಮುಂದೆ ಹಾಕುವ ಸಮಯದಲ್ಲಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ನೀವು ಬದಲಾಯಿಸದಿದ್ದರೆ ಸಾಮಾನ್ಯವಾಗಿ ಯಾವ ಕೆಲಸಕ್ಕಾದರೂ ಒಂದು ಗಂಟೆ ಅಂತ ಕೂತುಬಿಡತ್ತೆ. ಕಳೆಗೆ ಅದು ಗೊತ್ತಿಲ್ವಲ್ಲ!

ನಮ್ಮ ಹಿರಿಯರು "ಇದು ನಾಲ್ಕಾಳಿನ ಕೆಲಸ" ಅನ್ನುತ್ತಿದ್ದರು. ಆ ಲೆಕ್ಕವೇ ಸರಿ, ಅದನ್ನು ಸ್ವಲ್ಪ ಚಿಕ್ಕದು ಮಾಡಿ ಆಳು-ಗಂಟೆಯಲ್ಲಿ ಬರೆಯಿರಿ. ಊಹೆ ಮಾಡಬೇಡಿ, ಒಂದು ಮಡಿ ಅಳೆಯಿರಿ. ಉದಾಹರಣೆಗೆ, 4 ಅಡಿ ಅಗಲ, 25 ಅಡಿ ಉದ್ದದ ಕೊತ್ತಂಬರಿ ಮಡಿಯಲ್ಲಿ ಒಬ್ಬರು ಕೈಯಲ್ಲಿ ಕಳೆ ಕೀಳೋಕೆ 40 ನಿಮಿಷ ಹಿಡಿಯಿತು ಅಂದುಕೊಳ್ಳಿ. ಅಂಥ 20 ಮಡಿಗೆ 800 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ಇಬ್ಬರು ಬಂದರೆ ಒಂದೇ ದಿನದಲ್ಲಿ ಮುಗಿಯುತ್ತೆ ಅನ್ಸತ್ತೆ. ಕಾಫಿ, ಊಟ, ನೀರು ತಿರುಗಿಸೋದು ಎಲ್ಲ ಕಳೆದರೆ 8 ಗಂಟೆಯ ದಿನದಲ್ಲಿ ಕೈಗೆ ಸಿಗೋದು 6 ಗಂಟೆ. ಇಬ್ಬರಿಂದ 12. ಹಾಗಾಗಿ ಮರುದಿನ ಬೆಳಗ್ಗೆಯೂ ಸ್ವಲ್ಪ ಹೊತ್ತು ಬಿಡಿ. ಮಳೆ ಬಂದು ಮಣ್ಣು ಹದವಾಗಿದ್ದರೆ ಬೇರು ಸಲೀಸಾಗಿ ಬರುತ್ತೆ, ಒಣಗಿದ್ದರೆ ಬರಲ್ಲ. ಎರಡನ್ನೂ ಬೇರೆ ಬೇರೆ ಗುರುತು ಹಾಕಿ.

ಶ್ರಮ ಬೇರೆ, ಅವಧಿ ಬೇರೆ. ಜೀವಾಮೃತವನ್ನೇ ನೋಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಕಲಸೋಕೆ ಎಲ್ಲ ಹತ್ತಿರದಲ್ಲಿದ್ದರೆ ಒಂದು ಗಂಟೆ ಸಾಕು. ಆದರೆ ನೆರಳಲ್ಲಿ 48 ಗಂಟೆ ಹುಳಿಯಬೇಕು, ನಡುವೆ ದಿನಕ್ಕೆರಡು ಸಲ ತಿರುವಬೇಕು. ಭಾನುವಾರ ಸಂಜೆ ಬೆಳೆಗೆ ಕೊಡಬೇಕಾದರೆ ಶುಕ್ರವಾರ ಸಂಜೆಯೊಳಗೆ ಕಲಸಿರಬೇಕು. ಪಟ್ಟಿಯಲ್ಲಿ "ಭಾನುವಾರ: ಜೀವಾಮೃತ" ಅಂತಷ್ಟೇ ಇದ್ದರೆ ಆ ಭಾನುವಾರ ಖಾಲಿ ಡ್ರಮ್ಮೇ ಗತಿ.

ಕಡಿಮೆ ಅಂದಾಜು ಮಾಡೋದು ರೈತರ ರೋಗ ಮಾತ್ರ ಅಲ್ಲ. ಡೇನಿಯಲ್ ಕಾನೆಮನ್, ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪದವಿ ಪ್ರಬಂಧಕ್ಕೆ ಸರಾಸರಿ 34 ದಿನ ಅಂದಿದ್ದರು, ಹಿಡಿದದ್ದು 55 ದಿನಕ್ಕಿಂತ ಹೆಚ್ಚು. ಅವರಿಗೆ ಪ್ರಬಂಧ ತಡವಾಯ್ತು, ಅಷ್ಟೇ. ನಮಗೆ ಕೊತ್ತಂಬರಿ ಹೂಬಿಟ್ಟರೆ ಆ ಮಡಿ ಮಾರಾಟಕ್ಕೆ ಹೋಯ್ತು ಅಂತಲೇ ಲೆಕ್ಕ, ಕೂಲಿ ಮಾತ್ರ ಕೊಡಲೇಬೇಕು.

ಆಪ್‌ನಲ್ಲಿ ಗಂಟೆ ಹಾಕೋ ಜಾಗ ಇಲ್ಲದಿದ್ದರೆ ಹೆಸರಲ್ಲೇ ಬರೆಯಿರಿ: "ಪಾಲಕ್ ಕಳೆ, 20 ಮಡಿ, ಅಂದಾಜು 13". ಮುಗಿದ ಮೇಲೆ ಟಿಕ್ ಹಾಕೋ ಮೊದಲು "ಆಗಿದ್ದು 16" ಅಂತ ಸೇರಿಸಿ. ಮುಂದಿನ ಸಲ ಆ 16ನ್ನೇ ಇಟ್ಟುಕೊಳ್ಳಿ, ನಿಮ್ಮ ಮನಸ್ಸು ಹೇಳೋ 13ನ್ನಲ್ಲ. ಆರ್‌ಟಿ ನಗರಕ್ಕೆ ಸೊಪ್ಪು ತಲುಪಿಸೋಕೂ ಇದೇ ಕ್ರಮ. ಕಟ್ಟು ಕಟ್ಟಿದ್ದು, ಗಾಡಿಗೆ ತುಂಬಿದ್ದು, ಹೆಬ್ಬಾಳ ದಾಟಿದ್ದು ಮೂರನ್ನೂ ಬೇರೆ ಬೇರೆ ಬರೆಯಿರಿ. ಮೊದಲೆರಡನ್ನು ಕೈ ಜಾಸ್ತಿ ಮಾಡಿ ಬೇಗ ಮುಗಿಸಬಹುದು. ಹೆಬ್ಬಾಳಕ್ಕೆ ಬೇಗ ಹೊರಡೋದೊಂದೇ ದಾರಿ.