ಮಗ್ಗದ ಮನೆ ಕ್ಯಾಮೆರಾ ಮತ್ತು ರೂಟರ್ ಬಾಗಿಲು: ಸ್ಟ್ಯಾಟಿಕ್ ಐಪಿ ಬೇಕು, ಪೋರ್ಟ್ ಫಾರ್ವರ್ಡಿಂಗ್ ಬೇಕಾ?

ಕೊಳ್ಳೇಗಾಲದಿಂದ ಮಾತಾಡ್ತಿದೀನಿ. ಇವತ್ತಿನ ಕಂತು ನಮ್ಮ ಚಿಕ್ಕಪ್ಪನ ಮನೆಯದ್ದು.

ಅವರ ಮನೆ ಹಿಂದೆ ಮಗ್ಗದ ಮನೆ ಇದೆ, ರೇಷ್ಮೆ ಸೀರೆ ನೇಯ್ತಾರೆ. ಸೀರೆ ಕೊಡೋಕೆ ಬೆಂಗಳೂರಿಗೆ ಹೋದಾಗ ಇಲ್ಲಿ ಕೆಲಸ ನಡೀತಿದ್ಯಾ ಅಂತ ಫೋನಲ್ಲೇ ನೋಡ್ಬೇಕು ಅಂತ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಹಾಕಿಸಿದ್ರು. ಮನೆ ವೈಫೈನಲ್ಲಿ ಎಲ್ಲಾ ಚೆನ್ನಾಗಿ ಕಾಣ್ತಿತ್ತು. ಬಸ್ ಸ್ಟ್ಯಾಂಡ್ ತಲುಪೋ ಹೊತ್ತಿಗೆ ಪರದೆ ಕಪ್ಪು. "ಮಗ, ಯಾವಾಗ್ಲೂ ಕಂಪ್ಯೂಟರ್ ಮುಂದೇನೇ ಕೂತಿರ್ತೀಯಲ್ಲ, ಒಸಿ ಬಂದು ನೋಡು" ಅಂದ್ರು.

ವಿಡಿಯೋ ನೋಡಿ ಎರಡು ಕೆಲಸ ಬರ್ಕೊಂಡು ಹೋದೆ. ಒಂದು, ಡಿವಿಆರ್‌ಗೆ ಸ್ಟ್ಯಾಟಿಕ್ ಐಪಿ. ಇನ್ನೊಂದು, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್. ಮೊದಲನೆಯದು ಇವತ್ತಿಗೂ ಅಲ್ಲೇ ಇದೆ. ಎರಡನೆಯದನ್ನ ಒಂದೇ ವಾರದಲ್ಲಿ ನಾನೇ ಕಿತ್ತು ಹಾಕಿದೆ.

ಮೊದಲು ವಿಳಾಸದ ವಿಷಯ. ಮನೆಯೊಳಗಿನ ಫೋನು, ಟಿವಿ, ಡಿವಿಆರ್ ಎಲ್ಲದಕ್ಕೂ ರೂಟರ್ ಒಂದೊಂದು ನಂಬರ್ ಕೊಡುತ್ತೆ, ಸಾಮಾನ್ಯವಾಗಿ 192.168 ಅಂತ ಶುರುವಾಗೋದು. 1996ರ ಆರ್‌ಎಫ್‌ಸಿ 1918 ಅನ್ನೋ ದಾಖಲೆಯಲ್ಲಿ ಇವನ್ನ ಖಾಸಗಿ ಬಳಕೆಗೆ ಅಂತ ಬಿಟ್ಟಿದ್ದಾರೆ. ನಿಮ್ಮ ಮನೇಲಿ 192.168.1.5 ಇದ್ರೆ ಹನೂರಿನ ಇನ್ನೊಂದು ಮನೇಲೂ ಅದೇ ಇರಬಹುದು. ಜಗಳ ಇಲ್ಲ, ಯಾಕಂದ್ರೆ ಆ ನಂಬರ್ ರೂಟರ್ ದಾಟಿ ಆಚೆ ಹೋಗಲ್ಲ.

ತೊಂದರೆ ಏನಂದ್ರೆ ರೂಟರ್ ಈ ನಂಬರನ್ನ ಬಾಡಿಗೆಗೆ ಕೊಡುತ್ತೆ, ಕ್ರಯಕ್ಕಲ್ಲ. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತ ಹೆಸರು. ಕರೆಂಟ್ ಹೋಗಿ ಬಂದ್ರೆ ನಿನ್ನೆ 5 ಇದ್ದ ಡಿವಿಆರ್ ಇವತ್ತು 9 ಆಗಿರಬಹುದು. ಹಾಗಾಗಿ ನಂಬರ್ ಕಾಯಂ ಮಾಡಬೇಕು. ಡಿವಿಆರ್ ಒಳಗೇ ಹೋಗಿ ಬರೆಯಬಹುದು. ಆದ್ರೆ ಅದೇ ನಂಬರನ್ನ ರೂಟರ್ ಇನ್ಯಾರಿಗೋ ಹಂಚಿದ್ರೆ ಎರಡೂ ಕೆಡ್ತವೆ. ನಾನು ರೂಟರ್‌ನಲ್ಲೇ 'ಅಡ್ರೆಸ್ ರಿಸರ್ವೇಶನ್' ಅನ್ನೋ ಕಡೆ ಡಿವಿಆರ್‌ನ ಮ್ಯಾಕ್ ಅಡ್ರೆಸ್ ಹಾಕಿ, 192.168.1.50 ಇದಕ್ಕೆ ಮಾತ್ರ ಅಂತ ಬರೆದೆ. ಐದು ನಿಮಿಷದ ಕೆಲಸ.

ಈಗ ಬಾಗಿಲು. ನಾನು ಬಿ.ಕಾಂ. ಓದಿದವನು, ನನಗೆ ಅರ್ಥ ಆಗಿದ್ದು ಲೆಡ್ಜರ್ ಲೆಕ್ಕದಲ್ಲಿ. ಒಳಗಿಂದ ಫೋನು ಆಚೆಗೆ ಏನಾದ್ರೂ ಕೇಳಿದ್ರೆ ರೂಟರ್ ಒಂದು ಎಂಟ್ರಿ ಬರ್ಕೊಳ್ಳುತ್ತೆ: ಇಂಥವರು ಇಂಥ ಕಡೆ ಕೇಳಿದ್ದಾರೆ ಅಂತ. ಉತ್ತರ ಬಂದಾಗ ಎಂಟ್ರಿ ನೋಡಿ ಅವರಿಗೆ ತಲುಪಿಸುತ್ತೆ. ಎಂಟ್ರಿಯೇ ಇಲ್ಲದೆ ಆಚೆಯಿಂದ ಏನಾದ್ರೂ ಬಂದ್ರೆ ಎಸೆಯುತ್ತೆ. ಪೋರ್ಟ್ ಫಾರ್ವರ್ಡಿಂಗ್ ಅಂದ್ರೆ ನಾವೇ ಒಂದು ಶಾಶ್ವತ ಎಂಟ್ರಿ ಬರೆದಿಡೋದು: ಈ ಪೋರ್ಟ್ ನಂಬರಿಗೆ ಯಾರೇ ಬರಲಿ, 50ಕ್ಕೆ ಕಳಿಸು. ಈ 'ಯಾರೇ' ಅನ್ನೋ ಪದಕ್ಕೆ ಆಮೇಲೆ ಬರ್ತೀನಿ.

ಎಂಟ್ರಿ ಬರೆದೆ. ಕೆಲಸ ಮಾಡಲಿಲ್ಲ. ಮನೆ ವೈಫೈನಲ್ಲೇ ಕೂತು ಪರೀಕ್ಷೆ ಮಾಡ್ತಿದ್ದೆ. ಎಷ್ಟೋ ರೂಟರ್‌ಗಳಲ್ಲಿ ಒಳಗಿಂದ ಹೊರಟು ಹೊರಗಿನ ವಿಳಾಸದ ಮೂಲಕ ಮತ್ತೆ ಒಳಗೆ ಬರೋಕೆ ಆಗಲ್ಲ, ಅದಕ್ಕೇ ಮೊಬೈಲ್ ಡೇಟಾದಲ್ಲೇ ಪರೀಕ್ಷೆ ಮಾಡಿ. ಡೇಟಾದಲ್ಲೂ ಬರಲಿಲ್ಲ. ಒಂದು ಸಂಜೆ ಪೂರ್ತಿ ಅಲ್ಲೇ ಹೋಯ್ತು.

ಕಾರಣ ಮೇಲಿತ್ತು. ಐಪಿವಿ4 ವಿಳಾಸಗಳು ಒಟ್ಟು ಇರೋದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು ಹಂಚಿದ್ದು 2011ರ ಫೆಬ್ರವರಿ 3ರಂದು. ಆಮೇಲೆ ಬಂದ ಗ್ರಾಹಕರಿಗೆಲ್ಲ ಕೊಡೋಕೆ ವಿಳಾಸ ಎಲ್ಲಿದೆ? ಹಾಗಾಗಿ ಇಂಟರ್‌ನೆಟ್ ಕಂಪನಿಗಳು ಒಂದು ಸಾರ್ವಜನಿಕ ವಿಳಾಸದ ಹಿಂದೆ ಎಷ್ಟೋ ಮನೆಗಳನ್ನ ಕೂರಿಸ್ತವೆ, ವಠಾರದ ಥರ. ಇದೇ ಸಿಜಿ-ನ್ಯಾಟ್. ಬೀದಿ ಬಾಗಿಲು ಕಂಪನಿಯದ್ದು. ನಮ್ಮ ರೂಟರ್‌ನಲ್ಲಿ ಏನೇ ಬರೆದ್ರೂ ಅದು ನಡುಮನೆ ಬಾಗಿಲಷ್ಟೇ.

ಕಂಡುಹಿಡಿಯೋದು ಸುಲಭ. ರೂಟರ್‌ನಲ್ಲಿ ವ್ಯಾನ್ ಐಪಿ ನೋಡಿ, ಆಮೇಲೆ ಗೂಗಲ್‌ನಲ್ಲಿ ನಿಮ್ಮ ಐಪಿ ಏನು ಅಂತ ಹುಡುಕಿ. ಎರಡೂ ಬೇರೆ ಇದ್ರೆ ಮಧ್ಯದಲ್ಲಿ ಇನ್ನೊಂದು ಬಾಗಿಲಿದೆ. ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ರೆ ಅನುಮಾನವೇ ಬೇಡ, 2012ರಲ್ಲಿ ಆ ಗುಂಪನ್ನ ಇದಕ್ಕೇ ಮೀಸಲಿಟ್ಟಿದ್ದಾರೆ. ನಮ್ಮದು 100.70 ಅಂತಿತ್ತು.

ಚಿಕ್ಕಪ್ಪ ದುಡ್ಡು ಕಟ್ಟಿ ಸಾರ್ವಜನಿಕ ಸ್ಟ್ಯಾಟಿಕ್ ಐಪಿ ತಗೊಂಡ್ರು. ತಕ್ಷಣ ಚಿತ್ರ ಬಂತು. ನಾನು ಹೀರೋ. ಮೂರನೇ ದಿನ, ಕ್ಯಾಮೆರಾ ಹಾಕಿದವರು ಬಿಟ್ಟು ಹೋಗಿದ್ದ 'ಅಡ್ಮಿನ್' ಪಾಸ್‌ವರ್ಡ್ ಹಾಗೇ ಇದೆ ಅಂತ ನೆನಪಾಗಿ ಬದಲಾಯಿಸಿದೆ. ನಾಲ್ಕನೇ ದಿನ ಡಿವಿಆರ್ ಲಾಗ್ ತೆಗೆದ್ರೆ ಪುಟಗಟ್ಟಲೆ ವಿಫಲ ಲಾಗಿನ್‌ಗಳು. ಒಂದೂ ನಮ್ಮದಲ್ಲ. ಮೊದಲ ಮೂರು ದಿನದ ಲಾಗ್ ಅಷ್ಟೊತ್ತಿಗೆ ಅಳಿಸಿ ಹೋಗಿತ್ತು.

ಇದರಲ್ಲಿ ನಮ್ಮ ಮೇಲೆ ಯಾರದೂ ಹಗೆ ಇಲ್ಲ. ಇಡೀ ಇಂಟರ್‌ನೆಟ್ಟಿನ ವಿಳಾಸಗಳನ್ನ ಸಾಲಾಗಿ ತಟ್ಟುತ್ತಾ ಹೋಗೋ ಪ್ರೋಗ್ರಾಮ್‌ಗಳಿವೆ. 2009ರಿಂದ ಇರೋ ಶೋಡಾನ್ ಅನ್ನೋ ಸರ್ಚ್ ಎಂಜಿನ್ ತೆರೆದ ಸಾಧನಗಳನ್ನೇ ಪಟ್ಟಿ ಮಾಡುತ್ತೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಫ್ಯಾಕ್ಟರಿಯ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿ ಇಟ್ಕೊಂಡು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ನುಗ್ಗಿತ್ತು. ಪೋರ್ಟ್ ನಂಬರ್ ಬದಲಾಯಿಸಿದ್ರೆ ತಟ್ಟೋರು ಕಮ್ಮಿ ಆಗ್ತಾರೆ, ಬಾಗಿಲಂತೂ ತೆರೆದೇ ಇರುತ್ತೆ.

ನಮ್ಮ ಕ್ಯಾಮೆರಾ ನೋಡ್ತಿದ್ದಿದ್ದು ಬರೀ ಮಗ್ಗಾನ ಅಲ್ಲ. ಕಂಡಿಕೆ ಸುತ್ತೋಕೆ ಬರೋ ಹೆಂಗಸರು ಅಲ್ಲೇ ಕೂರ್ತಾರೆ, ಊಟ ಮಾಡ್ತಾರೆ. ಒಂದು ಕ್ಯಾಮೆರಾ ಹಿತ್ತಲ ಕಡೆ. ಚಿಕ್ಕಮ್ಮ ಕೇಳಿದ್ರು, "ಅಂಗಾದ್ರೆ ಯಾರೋ ನಮ್ಮನ್ನ ನೋಡ್ತಾ ಕೂತಿದ್ರಾ?" ಇಲ್ಲ ಚಿಕ್ಕಮ್ಮ ಅಂತ ಹೇಳೋಕೆ ನನ್ನ ಹತ್ರ ಲಾಗ್ ಇರಲಿಲ್ಲ.

ಅವತ್ತೇ ಫಾರ್ವರ್ಡಿಂಗ್ ಅಳಿಸಿದೆ. ಸಾಧನಗಳು ತಾವೇ ಪೋರ್ಟ್ ತೆರೆಯೋಕೆ ಬಿಡೋ ಯುಪಿಎನ್‌ಪಿಯನ್ನೂ ಆಫ್ ಮಾಡಿದೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಕೂರಿಸಿ, 192.168.1.50ಕ್ಕೆ ಮಾತ್ರ ದಾರಿ ಕೊಟ್ಟೆ. ಅದರಲ್ಲಿ ಇದಕ್ಕೆ ಸಬ್‌ನೆಟ್ ರೂಟರ್ ಅಂತಾರೆ. ಲ್ಯಾಪ್‌ಟಾಪೂ ಚಿಕ್ಕಪ್ಪನ ಫೋನೂ ಎರಡೂ ಒಳಗಿಂದ ಆಚೆಗೆ ಕರೆ ಮಾಡಿ ಭೇಟಿಯಾಗ್ತವೆ, ಹಾಗಾಗಿ ಸಿಜಿ-ನ್ಯಾಟ್ ಅಡ್ಡಿ ಬರಲ್ಲ. ದುಡ್ಡು ಕೊಟ್ಟ ಸ್ಟ್ಯಾಟಿಕ್ ಐಪಿ ಮುಂದಿನ ತಿಂಗಳೇ ರದ್ದು. ಸಾರ್ವಜನಿಕ ಐಪಿ ಇಟ್ಕೊಂಡವರು ನೇರವಾಗಿ ವೈರ್‌ಗಾರ್ಡ್ ಹಾಕಿ ಅದೊಂದೇ ಪೋರ್ಟ್ ತೆರೆಯಬಹುದು. ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡಲ್ಲ, ತಟ್ಟಿದವರಿಗೆ ಅಲ್ಲಿ ಬಾಗಿಲಿದೆ ಅಂತಾನೇ ಗೊತ್ತಾಗಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿಸೋ ಕ್ಯಾಮೆರಾ ಕಂಪನಿಯ ಆ್ಯಪ್ ಎಲ್ಲಕ್ಕಿಂತ ಸುಲಭ. ಆದ್ರೆ ಅಲ್ಲಿ ಕಂಪನಿಯ ಸರ್ವರ್ ನಂಬಬೇಕು, ಅದನ್ನ ಮನೆಯವರು ಕೂತು ನಿರ್ಧಾರ ಮಾಡಲಿ.

ಚಿಕ್ಕಮ್ಮ ಹಿತ್ತಲ ಕ್ಯಾಮೆರಾ ಗೋಡೆ ಕಡೆ ತಿರುಗಿಸಿಟ್ಟಿದ್ದಾರೆ. ಮೊನ್ನೆ ಅರ್ಧ ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಚಿಕ್ಕಪ್ಪ ಮೆಜೆಸ್ಟಿಕ್‌ನಿಂದ ಫೋನ್ ಮಾಡಿದ್ರು: ಎರಡನೇ ಮಗ್ಗ ಯಾಕೆ ನಿಂತಿದೆ, ಹೋಗಿ ಕೇಳು ಅಂತ. ಡಿವಿಆರ್ 50ರಲ್ಲೇ ಇತ್ತು.